ಕಿವಿ ಕೇಳದ ಹೋಯ್ ಆಡಿದ ಆಟ: ಸನ್ನೆ ಕಲಿಯಬೇಕಾದವರು ಯಾರು?

ಕೊಯ್ಲು ಮುಗಿದ ಗದ್ದೆಯಲ್ಲಿ ಕ್ರಿಕೆಟ್ ಆಡುತ್ತಿದ್ದ ನಮ್ಮ ತಂಡದಲ್ಲಿ ಕಿವಿ ಕೇಳದ ಒಬ್ಬ ಹುಡುಗ ಇದ್ದ. ಒಳ್ಳೇ ಫೀಲ್ಡರ್. ಬ್ಯಾಟಿಂಗೂ ಬರುತ್ತಿತ್ತು. ಆದರೆ ಹೆಚ್ಚಿನ ಸಲ ರನೌಟ್ ಆಗುತ್ತಿದ್ದ. ಈ ತುದಿಯಲ್ಲಿದ್ದವನು ನೋ, ನೋ ಎಂದು ಎಷ್ಟೇ ಕಿರುಚಿದರೂ ಅವನು ತಲೆ ತಗ್ಗಿಸಿ ಓಡಿ ಬಂದೇಬಿಡುತ್ತಿದ್ದ. ನಾವು ನಗುತ್ತಿದ್ದೆವು. ಕೊನೆಗೆ ಅವನನ್ನು ಬೌಂಡರಿ ಕಾಯಲು ಕಳಿಸಿ, ಎಲ್ಲರದ್ದೂ ಮುಗಿದ ಮೇಲೆ ಬ್ಯಾಟ್ ಕೊಡುವುದು ರೂಢಿಯಾಯಿತು.

ಓಡಬೇಡ ಅನ್ನುವುದಕ್ಕೆ ಒಂದು ಅಂಗೈ ತೋರಿಸಿದ್ದರೆ ಸಾಕಿತ್ತು. ಅಷ್ಟು ಸಣ್ಣ ಉಪಾಯ ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಹೊಳೆಯಬೇಕು ಅಂತಲೂ ನಮಗೆ ಅನ್ನಿಸಲಿಲ್ಲ. ತೊಂದರೆ ಇದ್ದದ್ದು ಅವನ ಕಿವಿಯಲ್ಲಿ ತಾನೇ, ನಮಗೇನಾಗಿತ್ತು?

ಈ ಹಳೇ ಕಥೆ ನೆನಪಾಗಿದ್ದು ವಿಲಿಯಂ ಎಲ್ಸ್‌ವರ್ತ್ ಹೋಯ್ ಎಂಬ ಅಮೆರಿಕದ ಬೇಸ್‌ಬಾಲ್ ಆಟಗಾರನ ಬದುಕಿನ ಬಗ್ಗೆ ಓದುವಾಗ. ನಮ್ಮ ಕುಂದಾಪುರದ ಕಡೆ ಯಾರನ್ನಾದರೂ ಕೂಗಿ ಕರೆಯುವುದೇ ‘ಹೋಯ್’ ಅಂತ. ಕೂಗಿದರೆ ತಿರುಗಿ ನೋಡಲಾರದ ಮನುಷ್ಯನಿಗೆ ಅದೇ ಹೆಸರು ಇತ್ತಲ್ಲ ಎಂದು ಮೊದಲು ನಗು ಬಂತು. ಓದುತ್ತಾ ಹೋದಂತೆ ಆ ನಗು ಉಳಿಯಲಿಲ್ಲ.

ಹೋಯ್ ತೀರಿಕೊಂಡು 60 ವರ್ಷ ದಾಟಿದೆ. ಆದರೂ ಅಮೆರಿಕದ ಪ್ರೈಮರಿ ಶಾಲೆಯ ಮಕ್ಕಳಿಗೆ ಅವರು ಗೊತ್ತು. 2016ರಲ್ಲಿ ನ್ಯಾನ್ಸಿ ಚರ್ನಿನ್ ಎಂಬ ಲೇಖಕಿ ಅವರ ಬಗ್ಗೆ ಒಂದು ಚಿತ್ರಪುಸ್ತಕ ಬರೆದರು. ಅದನ್ನು ಓದಿದ ಮಕ್ಕಳು ಕಿವುಡರ ಆಟಗಳ ಬಗ್ಗೆ ತಿಳಿದುಕೊಂಡರು, ಬೆರಳಲ್ಲಿ ತಮ್ಮ ಹೆಸರು ಹೇಳುವುದನ್ನು ಕಲಿತರು, ಹೋಯ್ ಅವರಿಗೆ ಸಿಗಬೇಕಾದ ಗೌರವ ಕೊಡಿ ಎಂದು ಬೇಸ್‌ಬಾಲ್‌ನ ದೊಡ್ಡವರಿಗೆ ಪತ್ರ ಬರೆದರು. ಏನಿತ್ತು ಆ ಮನುಷ್ಯನ ಬದುಕಿನಲ್ಲಿ? ಆರಂಭದಿಂದ ನೋಡೋಣ.

ಕೈಯಿಂದ ಕಲಿತ ಶಾಲೆ

ಹೋಯ್ ಹುಟ್ಟಿದ್ದು 1862ರ ಮೇ 23ರಂದು, ಒಹಾಯೊ ರಾಜ್ಯದ ಹೌಕ್‌ಟೌನ್ ಎಂಬ ಪುಟ್ಟ ಹಳ್ಳಿಯ ರೈತ ಕುಟುಂಬದಲ್ಲಿ. ಮೂರು ವರ್ಷದವನಿದ್ದಾಗ ಮಿದುಳು ಜ್ವರ ಬಂತು. ಜೀವ ಉಳಿಯಿತು, ಕಿವಿ ಹೋಯಿತು. ಆ ವಯಸ್ಸಿಗೆ ಕಿವಿ ಹೋದರೆ ಮಾತೂ ಅಲ್ಲಿಗೇ ನಿಲ್ಲುತ್ತದೆ. ಮುಂದೆ ಜೀವಮಾನವಿಡೀ ಅವರ ಗಂಟಲಿನಿಂದ ಬರುತ್ತಿದ್ದದ್ದು ಒಂದು ಕೀರಲು ದನಿ ಮಾತ್ರ.

ಹತ್ತು ವರ್ಷದ ಹೊತ್ತಿಗೆ ಅಪ್ಪ ಅಮ್ಮ ಅವನನ್ನು ಕೊಲಂಬಸ್ ನಗರದ ಕಿವುಡರ ಶಾಲೆಗೆ ಸೇರಿಸಿದರು. 1829ರಲ್ಲಿ ಆರಂಭವಾದ ಸರ್ಕಾರಿ ವಸತಿ ಶಾಲೆ ಅದು. ಅಲ್ಲಿ ಪಾಠ ನಡೆಯುತ್ತಿದ್ದದ್ದು ಸನ್ನೆ ಭಾಷೆಯಲ್ಲಿ. ಸನ್ನೆ ಭಾಷೆ ಅಂದರೆ ನಾವು ಬಸ್‌ಸ್ಟ್ಯಾಂಡಿನಲ್ಲಿ ದೂರದಿಂದ ಕೈಯಾಡಿಸಿ ಕೇಳುವ ಊಟ ಆಯ್ತಾ ಅಲ್ಲ. ಅದಕ್ಕೆ ತನ್ನದೇ ವ್ಯಾಕರಣ ಇದೆ, ಪದಗಳ ಕ್ರಮ ಇದೆ, ಜೋಕು ಇದೆ, ಬೈಗುಳವೂ ಇದೆ. ಅಮೆರಿಕದ ಸನ್ನೆ ಭಾಷೆಗೆ ಒಂದು ಮೂಲ ಫ್ರಾನ್ಸ್. ಲೋರಾನ್ ಕ್ಲೆರ್ ಎಂಬ ಕಿವುಡ ಶಿಕ್ಷಕ ಪ್ಯಾರಿಸ್‌ನಿಂದ ಹಡಗು ಹತ್ತಿ ಬಂದು, ಥಾಮಸ್ ಗ್ಯಾಲೊಡೆಟ್ ಜೊತೆ ಸೇರಿ 1817ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಶಾಲೆ ತೆರೆದರು. ಫ್ರಾನ್ಸಿನ ಸನ್ನೆಗಳೂ ಅಲ್ಲಿನ ಮಕ್ಕಳು ಊರಿನಿಂದ ತಂದಿದ್ದ ಸನ್ನೆಗಳೂ ಬೆರೆತು ಹೊಸ ಭಾಷೆ ಬೆಳೆಯಿತು. ಒಹಾಯೊದಂಥ ಶಾಲೆಗಳಿಗೆ ಅದು ಹರಡಿತು.

ಮನೆಯಲ್ಲಿ ಯಾರ ಮಾತೂ ತಲುಪದ ಹುಡುಗನಿಗೆ ಇಲ್ಲಿ ಎಲ್ಲವೂ ತಲುಪಿತು. ಓದಿದ. ತರಗತಿಗೆ ಮೊದಲಿಗನಾಗಿ ಶಾಲೆ ಮುಗಿಸಿದ. ಜೊತೆಗೆ ಚಪ್ಪಲಿ, ಶೂ ಹೊಲಿಯುವ ಕಸುಬನ್ನೂ ಕಲಿತ.

ಇಲ್ಲೊಂದು ವಿಷಯ ಹೇಳಲೇಬೇಕು. ಹೋಯ್ ಶಾಲೆ ಮುಗಿಸಿದ ಆಸುಪಾಸಿನಲ್ಲೇ, 1880ರಲ್ಲಿ, ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ ನಡೆಯಿತು. ಶಾಲೆಗಳಲ್ಲಿ ಸನ್ನೆ ಬೇಡ, ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಮತ್ತು ಬಾಯಲ್ಲಿ ಮಾತಾಡುವುದನ್ನು ಮಾತ್ರ ಕಲಿಸಿ ಎಂದು ಅದು ನಿರ್ಣಯ ಮಾಡಿತು. ಮತ ಹಾಕಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ! ಮುಂದಿನ ದಶಕಗಳಲ್ಲಿ ಯುರೋಪು, ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಸನ್ನೆ ಮಾಡಿದ ಮಕ್ಕಳ ಕೈಗೆ ಏಟು ಬಿತ್ತು. ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ಆ ನಿರ್ಣಯ ತಪ್ಪಾಗಿತ್ತು ಎಂದು ಅದೇ ಸಮ್ಮೇಳನದ ಪರಂಪರೆಯವರು ಒಪ್ಪಿ ವಿಷಾದ ಸೂಚಿಸಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. 130 ವರ್ಷ ಬೇಕಾಯಿತು. ಹೋಯ್ ಇಪ್ಪತ್ತು ಮೂವತ್ತು ವರ್ಷ ತಡವಾಗಿ ಹುಟ್ಟಿದ್ದರೆ ಅವರ ಓದು ಏನಾಗುತ್ತಿತ್ತೋ.

ಅಂಗಡಿ ಮುಂದಿನ ಆಟ

ಶಾಲೆ ಮುಗಿದ ಮೇಲೆ ಹೋಯ್ ಊರಲ್ಲೇ ಶೂ ರಿಪೇರಿ ಅಂಗಡಿ ನಡೆಸಿದರು. ಬೇಸಿಗೆ ಬಂತೆಂದರೆ ಆ ಕಡೆಯ ಹಳ್ಳಿಯವರು ಬರಿಗಾಲಲ್ಲೇ ಓಡಾಡುತ್ತಿದ್ದರು, ಹಾಗಾಗಿ ಅಂಗಡಿಗೆ ಗಿರಾಕಿ ಇರುತ್ತಿರಲಿಲ್ಲ. ಹೋಯ್ ಹೊರಗೆ ಬಂದು ಊರ ಹುಡುಗರ ಜೊತೆ ಬೇಸ್‌ಬಾಲ್ ಆಡುತ್ತಿದ್ದರು.

ಒಂದು ದಿನ ಆ ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು ಇವರ ಆಟ ನೋಡಿದ. ಪಕ್ಕದ ಫಿಂಡ್ಲೆ ಪಟ್ಟಣದವನು. ಮಾತಾಡಿಸಲು ಹೋದ, ಕಿವಿ ಕೇಳುವುದಿಲ್ಲ ಎಂದು ಗೊತ್ತಾಗಿ ಹೊರಟುಹೋದ. ಆದರೆ ಮರುದಿನ ಮತ್ತೆ ಬಂದ. ಒಂದು ತಂಡಕ್ಕೆ ಆಡುತ್ತೀಯಾ ಎಂದು ಕೇಳಿದ. ಆ ಪಂದ್ಯದಲ್ಲಿ ಹೋಯ್ ಚೆನ್ನಾಗಿ ಬಾರಿಸಿದರು. ಅಲ್ಲಿಗೆ ಅಂಗಡಿ ಬಾಗಿಲು ಮುಚ್ಚಿತು.

1886ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ತಂಡ ಅವರನ್ನು ಸಂಬಳಕ್ಕೆ ಸೇರಿಸಿಕೊಂಡಿತು. ಆಳು ಕುಳ್ಳ, ಐದೂವರೆ ಅಡಿಯೊಳಗೆ. ಆದರೆ ಓಟ ಚಿರತೆಯದ್ದು, ಎಸೆತ ಬಂದೂಕಿನದ್ದು. ಹಾಗಿದ್ದೂ ಆ ಮೊದಲ ವರ್ಷ ಬ್ಯಾಟಿಂಗ್ ಕೈಕೊಟ್ಟಿತು. ಕಾರಣ ಏನು ಗೊತ್ತಾ?

ಕ್ರಿಕೆಟ್ ಮಾತ್ರ ಗೊತ್ತಿರುವವರಿಗೆ ಎರಡು ಸಾಲಿನ ವಿವರಣೆ. ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನು ಪಿಚರ್. ಬ್ಯಾಟರ್ ಹೊಡೆಯದೆ ಬಿಟ್ಟ ಪ್ರತಿ ಚೆಂಡನ್ನೂ ಅವನ ಬೆನ್ನ ಹಿಂದೆ ನಿಂತ ಅಂಪೈರ್ ತೀರ್ಮಾನಿಸುತ್ತಾನೆ. ಸರಿಯಾದ ಜಾಗದಲ್ಲಿ ಬಂದರೆ ಸ್ಟ್ರೈಕ್, ಆಚೀಚೆ ಹೋದರೆ ಬಾಲ್, ಹೆಚ್ಚುಕಡಿಮೆ ನಮ್ಮ ವೈಡ್ ಇದ್ದ ಹಾಗೆ. ಸ್ಟ್ರೈಕ್ ಎಷ್ಟಾಯಿತು, ಬಾಲ್ ಎಷ್ಟಾಯಿತು ಎಂಬ ಲೆಕ್ಕದ ಮೇಲೆ ಬ್ಯಾಟರ್ ಮುಂದಿನ ಚೆಂಡಿಗೆ ಹೊಡೆಯಬೇಕೋ ಬಿಡಬೇಕೋ ನಿರ್ಧರಿಸುತ್ತಾನೆ. ಆ ಕಾಲದಲ್ಲಿ ಅಂಪೈರ್ ಇದನ್ನೆಲ್ಲ ಬಾಯಲ್ಲಿ ಕೂಗಿ ಹೇಳುತ್ತಿದ್ದರು.

ಹೋಯ್‌ಗೆ ಆ ಕೂಗು ಕೇಳುತ್ತಿರಲಿಲ್ಲ. ಪ್ರತಿ ಸಲವೂ ಹಿಂದೆ ತಿರುಗಿ ಅಂಪೈರ್ ಮುಖ ನೋಡಬೇಕಿತ್ತು. ಅವರು ತಿರುಗಿ ಇತ್ತ ನೋಡುವಷ್ಟರಲ್ಲಿ ಎದುರಾಳಿ ಪಿಚರ್ ಮುಂದಿನ ಚೆಂಡನ್ನು ಎಸೆದೇಬಿಡುತ್ತಿದ್ದ. ನಮ್ಮ ಗದ್ದೆಯ ಹುಡುಗನಿಗೆ ಆಗುತ್ತಿದ್ದದ್ದೂ ಇದೇ ಅಲ್ವಾ? ಆಟ ಬಾರದೆ ಔಟಾದದ್ದಲ್ಲ, ಸುದ್ದಿ ತಲುಪದೆ ಔಟಾದದ್ದು.

ಹೋಯ್ ಅದಕ್ಕೆ ಒಂದು ದಾರಿ ಹುಡುಕಿದರು. ಮೂರನೇ ಬೇಸ್ ಹತ್ತಿರ, ಬ್ಯಾಟರ್‌ಗೆ ನೇರವಾಗಿ ಕಾಣುವ ಜಾಗದಲ್ಲಿ, ಅವರದ್ದೇ ತಂಡದ ಕೋಚ್ ನಿಂತಿರುತ್ತಾನೆ. ಅಂಪೈರ್ ಕೂಗಿದ್ದನ್ನು ಕೇಳಿಸಿಕೊಂಡು, ಸ್ಟ್ರೈಕ್ ಆದರೆ ಬಲಗೈ, ಬಾಲ್ ಆದರೆ ಎಡಗೈ ಎತ್ತು ಎಂದು ಅವನಿಗೆ ಹೇಳಿಕೊಟ್ಟರು. ಖರ್ಚಿಲ್ಲ, ಯಂತ್ರ ಇಲ್ಲ, ನಿಯಮ ಬದಲಿಸಬೇಕಿಲ್ಲ. ಒಬ್ಬ ಮನುಷ್ಯ ಕೈ ಎತ್ತಬೇಕು, ಅಷ್ಟೇ. 1887ರಲ್ಲಿ ಹೋಯ್ ಬ್ಯಾಟಿಂಗ್ ಸುಧಾರಿಸಿತು, ಆಶ್‌ಕಾಶ್ ತಂಡ ತನ್ನ ಲೀಗ್ ಗೆದ್ದಿತು.

ಗೋಡೆಗೆ ಅಂಟಿಸಿದ ಚೀಟಿ

1888ರಲ್ಲಿ ವಾಷಿಂಗ್‌ಟನ್ ತಂಡ ಅವರನ್ನು ದೊಡ್ಡ ಲೀಗ್‌ಗೆ ಕರೆಸಿಕೊಂಡಿತು. ಅವರ ಜಾಗ ಸೆಂಟರ್ ಫೀಲ್ಡ್, ಅಂದರೆ ಮೈದಾನದ ನಟ್ಟನಡುವಿನ ಹೊರಭಾಗ. ಅಲ್ಲಿ ಇನ್ನೊಂದು ಅಪಾಯ. ಎತ್ತರಕ್ಕೆ ಹಾರಿದ ಚೆಂಡಿಗೆ ಇಬ್ಬರು ಫೀಲ್ಡರ್‌ಗಳು ಎರಡು ಕಡೆಯಿಂದ ಓಡಿ ಬಂದರೆ ಡಿಕ್ಕಿ ಖಂಡಿತ. ಅದಕ್ಕೇ ಒಬ್ಬ ನಂದು ಎಂದು ಕೂಗಬೇಕು.

ಹೋಯ್ ಒಂದು ಚೀಟಿ ಬರೆದು ಡ್ರೆಸ್ಸಿಂಗ್ ರೂಮಿನ ಗೋಡೆಗೆ ಹಾಕಿದರು. ತನಗೆ ಕಿವಿ ಕೇಳುವುದಿಲ್ಲ, ಆದ್ದರಿಂದ ಕ್ಯಾಚ್ ತಾನು ಹಿಡಿಯುವುದಾದರೆ ಕೂಗುತ್ತೇನೆ, ತನ್ನ ಕೂಗು ಕೇಳಿಸದಿದ್ದರೆ ಪಕ್ಕದವರು ಹಿಡಿಯಬೇಕು ಎಂಬುದು ಅದರ ಸಾರ. ಆ ಕೀರಲು ದನಿ ಇತ್ತಲ್ಲ, ಅದನ್ನೇ ಕೆಲಸಕ್ಕೆ ಹಚ್ಚಿದ್ದರು. ದಯೆ ತೋರಿಸಿ ಎಂದು ಆ ಚೀಟಿಯಲ್ಲಿ ಎಲ್ಲೂ ಇರಲಿಲ್ಲ. ಯಾರು ಏನು ಮಾಡಬೇಕು ಎಂಬುದಷ್ಟೇ ಇತ್ತು.

ನಾನು ಇಂಜಿನಿಯರಿಂಗ್ ಓದಿ ದಾರಿ ತಪ್ಪಿ ಪತ್ರಿಕೋದ್ಯಮಕ್ಕೆ ಬಂದವನು. ನಾಲ್ಕು ವರ್ಷದ ಓದಿನಲ್ಲಿ ನೆನಪುಳಿದ ಕೆಲವೇ ವಿಷಯಗಳಲ್ಲಿ ಒಂದು ಪ್ರೋಟೊಕಾಲ್. ಎರಡು ಕಂಪ್ಯೂಟರ್ ಮಾತಾಡಬೇಕಾದರೆ ಮೊದಲು ಹೇಗೆ ಮಾತಾಡುವುದು ಎಂಬ ಒಪ್ಪಂದ ಇರಬೇಕು. ಸಂದೇಶ ತಲುಪದಿದ್ದರೆ ಪಡೆಯುವ ಕಂಪ್ಯೂಟರ್ ಕೆಟ್ಟಿದೆ ಎಂದು ಯಾವ ಇಂಜಿನಿಯರ್ ಕೂಡ ತಕ್ಷಣ ತೀರ್ಮಾನಿಸುವುದಿಲ್ಲ, ಎರಡೂ ಕಡೆ ಪರೀಕ್ಷೆ ಮಾಡುತ್ತಾನೆ. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ನಾವು ಒಂದೇ ಕಡೆ ಬೆರಳು ತೋರಿಸುತ್ತೇವೆ. ಹೋಯ್ ಆ ಚೀಟಿಯಲ್ಲಿ ಬರೆದದ್ದು ಶುದ್ಧ ಪ್ರೋಟೊಕಾಲ್.

ಫಲ ಕೂಡಲೇ ಕಂಡಿತು. ಮೊದಲ ವರ್ಷವೇ ಹೋಯ್ 82 ಬೇಸ್ ಕದ್ದರು. ಪಿಚರ್ ಕಣ್ತಪ್ಪಿಸಿ ಮುಂದಿನ ಬೇಸಿಗೆ ಓಡುವುದಕ್ಕೆ ಆ ಆಟದಲ್ಲಿ ಕದಿಯುವುದು ಅಂತಲೇ ಹೆಸರು. ಇಡೀ ನ್ಯಾಷನಲ್ ಲೀಗ್‌ನಲ್ಲಿ ಆ ವರ್ಷ ಅವರಷ್ಟು ಕದ್ದವರು ಬೇರೊಬ್ಬರಿಲ್ಲ. 1889ರ ಜೂನ್ 19ರಂದು ಇನ್ನೂ ದೊಡ್ಡದು ನಡೆಯಿತು. ರನ್ ಗಳಿಸಲು ಹೋಮ್ ಪ್ಲೇಟ್‌ಗೆ ನುಗ್ಗುತ್ತಿದ್ದ ಮೂವರನ್ನು ಒಂದೇ ಪಂದ್ಯದಲ್ಲಿ, ಮೈದಾನದ ಆ ತುದಿಯಿಂದ ನೇರ ಎಸೆತದಲ್ಲಿ ಔಟ್ ಮಾಡಿದರು. ಮೂರೂ ಸಲ ಚೆಂಡು ಹಿಡಿದ ಕ್ಯಾಚರ್ ಕಾನಿ ಮ್ಯಾಕ್, ಮುಂದೆ ಬೇಸ್‌ಬಾಲ್‌ನ ಹೆಸರಾಂತ ಮ್ಯಾನೇಜರ್ ಆದವರು.

ಹೆಸರಿನ ವಿಷಯ

ದಾಖಲೆ ಪುಸ್ತಕಗಳಲ್ಲಿ ಅವರ ಹೆಸರು ವಿಲಿಯಂ ಹೋಯ್ ಅಲ್ಲ, ಡಮ್ಮಿ ಹೋಯ್. ಡಮ್ಮಿ ಅಂದರೆ ಆಗ ಮೂಗ ಎಂದರ್ಥ, ಅದರೊಳಗೇ ಪೆದ್ದ ಅನ್ನುವ ಅರ್ಥವೂ ಸೇರಿಕೊಂಡಿತ್ತು. ಆ ಕಾಲದ ಕಿವುಡ ಆಟಗಾರರಿಗೆಲ್ಲ ಅದೇ ಹೆಸರು. ಹೋಯ್‌ಗಿಂತ ಮೊದಲೇ, 1883ರಲ್ಲಿ, ಅದೇ ಒಹಾಯೊ ಶಾಲೆಯಿಂದ ಬಂದು ದೊಡ್ಡ ಲೀಗ್‌ನಲ್ಲಿ ಆಡಿದ ಮೊದಲ ಕಿವುಡ ಆಟಗಾರ ಎಡ್ ಡಂಡನ್. ಅವರೂ ಡಮ್ಮಿ. ಆಮೇಲೆ ಬಂದ ಲೂಥರ್ ಟೇಲರ್ ಕೂಡ ಡಮ್ಮಿ.

ಹೋಯ್ ಆ ಹೆಸರನ್ನು ಒಪ್ಪಿಕೊಂಡಿದ್ದರು. ವಿಲಿಯಂ ಎಂದು ಕರೆದವರನ್ನು ತಿದ್ದಿದ್ದೂ ಉಂಟಂತೆ. ಹಾಗಂತ ಹೆಸರು ಸರಿ ಇತ್ತು ಅಂತೇನಲ್ಲ. ತರಗತಿಗೆ ಮೊದಲಿಗನಾಗಿ ಬಂದವನನ್ನು ಲೋಕವೆಲ್ಲ ಪೆದ್ದ ಎಂದು ಕರೆದಾಗ, ದಿನಾ ಜಗಳ ಆಡುವುದಕ್ಕಿಂತ ಆ ಹೆಸರನ್ನೇ ಅಂಗಿಯ ಹಾಗೆ ತೊಟ್ಟುಕೊಂಡು ಆಡುವುದು ಸುಲಭ ಎನಿಸಿರಬಹುದು.

ನಮ್ಮ ತಂಡದ ಹುಡುಗನನ್ನು ನಾವೂ ಮೂಗ ಅಂತಲೇ ಕರೆಯುತ್ತಿದ್ದೆವು. ಕರೆದರೆ ಅವನಿಗೆ ಕೇಳಿಸುವುದಿಲ್ಲವಲ್ಲ ಎಂಬ ಧೈರ್ಯ. ಈಗ ಎಷ್ಟು ತಲೆ ಕೆರೆದುಕೊಂಡರೂ ಅವನ ನಿಜವಾದ ಹೆಸರು ನೆನಪಾಗುತ್ತಿಲ್ಲ.

ಇಡೀ ತಂಡ ಕಲಿತದ್ದು

ಹೋಯ್ 14 ವರ್ಷ ದೊಡ್ಡ ಲೀಗ್‌ಗಳಲ್ಲಿ ಆಡಿದರು. ವಾಷಿಂಗ್‌ಟನ್, ಬಫಲೊ, ಸೇಂಟ್ ಲೂಯಿಸ್, ಸಿನ್ಸಿನಾಟಿ, ಲೂಯಿವಿಲ್ ಹೀಗೆ ಊರೂರು ಸುತ್ತಿದರು. 1901ರಲ್ಲಿ ಶಿಕಾಗೊ ವೈಟ್ ಸಾಕ್ಸ್ ಅಮೆರಿಕನ್ ಲೀಗ್ ಗೆದ್ದಾಗ ಸೆಂಟರ್ ಫೀಲ್ಡ್‌ನಲ್ಲಿ ಇದ್ದದ್ದು 39 ವರ್ಷದ ಹೋಯ್. ಒಟ್ಟು 2,000ಕ್ಕೂ ಹೆಚ್ಚು ಹಿಟ್. ಕದ್ದ ಬೇಸ್‌ಗಳು 600ರ ಹತ್ತಿರ. ಆಗಿನ ಎಣಿಕೆಯ ನಿಯಮ ಈಗಿನದಕ್ಕಿಂತ ಧಾರಾಳವಾಗಿತ್ತು, ಅದನ್ನು ಲೆಕ್ಕಕ್ಕೆ ಹಿಡಿದರೂ ಸಣ್ಣ ಮೊತ್ತವೇನಲ್ಲ.

1902ರಲ್ಲಿ ಅವರು ಸಿನ್ಸಿನಾಟಿಗೆ ಮರಳಿದ್ದರು. ಆ ಮೇ 16ರಂದು ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ ಪಂದ್ಯ. ಜೈಂಟ್ಸ್ ಪಿಚರ್ ಲೂಥರ್ ಟೇಲರ್, ಕನ್ಸಾಸ್‌ನ ಕಿವುಡರ ಶಾಲೆಯಲ್ಲಿ ಓದಿದವರು. ಬ್ಯಾಟ್ ಹಿಡಿದು ಬಂದ ಹೋಯ್ ಮತ್ತು ಚೆಂಡು ಹಿಡಿದು ನಿಂತ ಟೇಲರ್ ಕೈಯಲ್ಲೇ ಪರಸ್ಪರ ಕುಶಲ ವಿಚಾರಿಸಿಕೊಂಡರು. ದೊಡ್ಡ ಲೀಗ್‌ನಲ್ಲಿ ಕಿವುಡ ಬ್ಯಾಟರ್ ಎದುರು ಕಿವುಡ ಪಿಚರ್ ನಿಂತದ್ದು ಹೀಗೆ. ಗ್ಯಾಲರಿಯಲ್ಲಿದ್ದ ಸಾವಿರಾರು ಜನರಲ್ಲಿ ಆ ಸಂಭಾಷಣೆ ಅರ್ಥವಾದವರು ಎಷ್ಟು ಮಂದಿಯೋ. ಆ ಒಂದು ಕ್ಷಣ ಕಿವಿ ಕೇಳುವವರೇ ಹೊರಗಿನವರಾಗಿದ್ದರು.

ಅದೇ ಜುಲೈನಲ್ಲಿ ಜಾನ್ ಮೆಗ್ರಾ ಎಂಬ ಸಿಡುಕು ಸ್ವಭಾವದ ಮ್ಯಾನೇಜರ್ ಜೈಂಟ್ಸ್‌ಗೆ ಬಂದರು. ಟೇಲರ್ ಜೊತೆ ಮಾತಾಡಬೇಕಲ್ಲ ಎಂದು ಅವರು ಬೆರಳಿನ ಅಕ್ಷರಮಾಲೆ ಕಲಿತರು, ತಂಡಕ್ಕೂ ಕಲಿಸಿದರು. ಸ್ವಲ್ಪ ಕಾಲದಲ್ಲೇ ಆಟಗಾರರೆಲ್ಲ ಟೇಲರ್ ಜೊತೆ ಹರಟೆ ಹೊಡೆಯುವಷ್ಟಾದರು. ಮೈದಾನದಲ್ಲಿ ಸೂಚನೆ ಕೊಡಲೂ ಅದನ್ನೇ ಬಳಸಿದರು. 1904ರಲ್ಲಿ ಟೇಲರ್ 21 ಪಂದ್ಯ ಗೆಲ್ಲಿಸಿಕೊಟ್ಟರು. ಒಂದು ತಮಾಷೆಯ ಕಥೆಯೂ ಇದೆ. ತನ್ನ ಸನ್ನೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡು ಟೇಲರ್ ಕೈಯಲ್ಲೇ ಅಂಪೈರ್‌ಗೆ ಬೈದರಂತೆ, ಆ ಅಂಪೈರ್‌ಗೆ ಸನ್ನೆ ಭಾಷೆ ಬರುತ್ತಿತ್ತಂತೆ, ದಂಡ ಬಿತ್ತಂತೆ!

ಈ ಇಡೀ ಕಥೆಯಲ್ಲಿ ನನಗೆ ಮುಖ್ಯ ಎನಿಸುವುದು ಇದೇ. ಕಿವುಡರು ಎಲ್ಲ ಕಾಲದಲ್ಲೂ ನಮ್ಮ ಭಾಷೆ ಕಲಿತಿದ್ದಾರೆ. ಓದಲು ಬರೆಯಲು ಕಲಿತಿದ್ದಾರೆ, ತುಟಿ ನೋಡಿ ಅಂದಾಜು ಮಾಡುವುದನ್ನು ಕಲಿತಿದ್ದಾರೆ, ಚೀಟಿ ಬರೆದು ಗೋಡೆಗೆ ಅಂಟಿಸಿದ್ದಾರೆ. ಜೈಂಟ್ಸ್ ತಂಡದಲ್ಲಿ ಒಂದು ಸಲ ಲೆಕ್ಕ ತಿರುಗಿತು. ಒಬ್ಬನಿಗಾಗಿ ಇಡೀ ತಂಡ ಕಲಿಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ, ಉಲ್ಟಾ ತಂಡಕ್ಕೇ ಲಾಭವಾಯಿತು.

ಅಂಪೈರ್ ಕೈ ಎತ್ತಿದ್ದು ಯಾರಿಂದ?

ಇವತ್ತು ಬೇಸ್‌ಬಾಲ್ ಅಂಪೈರ್ ಸ್ಟ್ರೈಕ್‌ಗೆ ಬಲಗೈ ಎತ್ತುತ್ತಾರೆ. ಇದನ್ನು ತಂದವರು ಹೋಯ್ ಎಂದು ಅಮೆರಿಕದಲ್ಲಿ ಬಹಳ ಮಂದಿ ನಂಬುತ್ತಾರೆ, ಮಕ್ಕಳ ಪುಸ್ತಕಗಳೂ ಹಾಗೇ ಹೇಳುತ್ತವೆ. ಇತಿಹಾಸಕಾರರು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಹೋಯ್ ಕೈ ಎತ್ತಿಸಿದ್ದು ತಮ್ಮ ಕೋಚ್‌ನಿಂದ. ಕಿವುಡ ಆಟಗಾರ ಡಂಡನ್ 1886ರಲ್ಲೇ ಒಂದು ಪಂದ್ಯಕ್ಕೆ ಅಂಪೈರ್ ಆಗಿ ನಿಂತು ಕೈಸನ್ನೆಯಲ್ಲೇ ತೀರ್ಪು ಕೊಟ್ಟ ವರದಿ ಇದೆ. ಅಂಪೈರ್‌ಗಳ ಕೈಸನ್ನೆ ರೂಢಿಯಾದದ್ದು 1900ರ ನಂತರ, ಅದರ ಶ್ರೇಯವನ್ನು ಬಿಲ್ ಕ್ಲೆಮ್ ಎಂಬ ಅಂಪೈರ್‌ಗೆ ಕೊಡುವವರೂ ಇದ್ದಾರೆ.

ಯಾರೇ ತಂದಿರಲಿ, ಕಿವುಡ ಆಟಗಾರರಿಗೆ ಬೇಕಾದದ್ದು ಕೊನೆಗೆ ಎಲ್ಲರಿಗೂ ಬೇಕಾಯಿತು. ಹತ್ತಾರು ಸಾವಿರ ಜನ ಗಲಾಟೆ ಮಾಡುವ ಮೈದಾನದಲ್ಲಿ ಅಂಪೈರ್ ಕೂಗು ಯಾರಿಗೆ ತಾನೇ ಕೇಳುತ್ತದೆ? ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಸಿಕ್ಸ್ ಹೊಡೆದಾಗ ಅಂಪೈರ್ ಎರಡೂ ಕೈ ಮೇಲೆತ್ತುತ್ತಾರೆ. ಆ ಗಳಿಗೆಯಲ್ಲಿ ಅಲ್ಲಿರುವ ನಾವೆಲ್ಲರೂ ಕಿವುಡರೇ.

ಸೀಸದ ಗುಂಡು, ಡೈರಿ, ಕೊನೆಯ ಎಸೆತ

1898ರಲ್ಲಿ ಹೋಯ್, ಅನ್ನಾ ಮರಿಯಾ ಲೌರಿ ಅವರನ್ನು ಮದುವೆಯಾದರು. ಆಕೆಯೂ ಕಿವುಡರು, ಕಿವುಡ ಮಕ್ಕಳ ಟೀಚರ್. ಅವರ ಮನೆಯ ಕರೆಗಂಟೆಯ ಕಥೆ ನನಗೆ ಬಹಳ ಇಷ್ಟ. ಬಂದವರು ಬಾಗಿಲ ಗುಬುಟು ಎಳೆದರೆ ಒಳಗೆ ಸೀಸದ ಗುಂಡೊಂದು ನೆಲಕ್ಕೆ ಬೀಳುತ್ತಿತ್ತು. ನೆಲದ ಅದುರು ಕಾಲಿಗೆ ತಿಳಿಯುತ್ತಿತ್ತು, ಯಾರೋ ಬಂದರು ಎಂದು ಇವರು ಎದ್ದು ಹೋಗುತ್ತಿದ್ದರು. ಅವರ ಒಬ್ಬ ಮಗ ಕಾರ್ಸನ್ ಮುಂದೆ ನ್ಯಾಯಾಧೀಶರಾದರು.

1903ರಲ್ಲಿ ಲಾಸ್ ಏಂಜಲೀಸ್ ತಂಡಕ್ಕೆ ಆಡಿ ಹೋಯ್ ನಿವೃತ್ತರಾದರು. ಸಿನ್ಸಿನಾಟಿ ಹತ್ತಿರ ಜಮೀನು ಕೊಂಡು ಇಪ್ಪತ್ತು ವರ್ಷ ಹಾಲಿನ ಡೈರಿ ನಡೆಸಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಗುಡ್‌ಇಯರ್ ಟೈರ್ ಕಂಪನಿ ಏಕ್ರನ್‌ನ ಕಾರ್ಖಾನೆಗೆ ನೂರಾರು ಕಿವುಡ ಕಾರ್ಮಿಕರನ್ನು ಸೇರಿಸಿಕೊಂಡಿತ್ತು. ಅವರನ್ನು ನೋಡಿಕೊಳ್ಳುವ ಕೆಲಸವನ್ನೂ ಹೋಯ್ ಮಾಡಿದರು, ಅವರ ಬೇಸ್‌ಬಾಲ್ ತಂಡಕ್ಕೆ ತರಬೇತಿಯನ್ನೂ ಕೊಟ್ಟರು.

ಹೋಯ್ ಕೇಳುವವರ ಲೀಗ್‌ನಲ್ಲಿ ಜಾಗ ಗೆದ್ದುಕೊಂಡವರು. ಅವರು ಡೈರಿ ನಡೆಸುತ್ತಿದ್ದ ಕಾಲಕ್ಕೆ ಯುರೋಪಿನ ಕಿವುಡರು ತಮ್ಮದೇ ಮೈದಾನ ಕಟ್ಟಿಕೊಳ್ಳುತ್ತಿದ್ದರು. ಫ್ರಾನ್ಸಿನ ಯೂಜೀನ್ ರೂಬೆನ್ಸ್ ಆಲ್ಕೆ ಎಂಬ ಕಿವುಡ ಕ್ರೀಡಾಸಂಘಟಕರ ಮುಂದಾಳತ್ವದಲ್ಲಿ 1924ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ 9 ದೇಶಗಳ 148 ಕ್ರೀಡಾಪಟುಗಳು ಸೇರಿದರು. ಇಂದಿನ ಡೆಫ್‌ಲಿಂಪಿಕ್ಸ್ ಹುಟ್ಟಿದ್ದು ಹಾಗೆ. ಪ್ಯಾರಾಲಿಂಪಿಕ್ಸ್‌ಗಿಂತ ಇದು ಹಳೆಯದು, ಈಗಲೂ ಬೇರೆಯಾಗಿಯೇ ನಡೆಯುತ್ತದೆ. ಇಲ್ಲಿ ಓಟ ಶುರುವಾಗಲು ದೀಪ ಮಿನುಗುತ್ತದೆ. ಫುಟ್‌ಬಾಲ್ ರೆಫ್ರಿ ಬಾವುಟ ಬೀಸುತ್ತಾರೆ. ಶ್ರವಣ ಸಾಧನ ಹಾಕಿಕೊಂಡು ಕಣಕ್ಕೆ ಇಳಿಯುವಂತಿಲ್ಲ. 2022ರಲ್ಲಿ ಬ್ರೆಜಿಲ್‌ನ ಕಶಿಯಾಸ್ ದೊ ಸೂಲ್‌ನಲ್ಲಿ ನಡೆದ ಕೂಟದಲ್ಲಿ ಭಾರತ 8 ಚಿನ್ನ ಸೇರಿ 16 ಪದಕ ಗೆದ್ದಿತು. ಒಬ್ಬರ ಹೆಸರು ಹೇಳಿ ನೋಡೋಣ? ನನಗೂ ಹುಡುಕಿಯೇ ತಿಳಿಯಬೇಕಾಯಿತು.

1960ರಲ್ಲಿ ವಿಲಿಯಂ ಸ್ಟೋಕೊ ಎಂಬ ಭಾಷಾವಿಜ್ಞಾನಿ, ಅಮೆರಿಕದ ಸನ್ನೆ ಭಾಷೆಗೂ ಬೇರೆ ಭಾಷೆಗಳಂತೆಯೇ ಒಳರಚನೆ ಇದೆ ಎಂದು ತೋರಿಸಿಕೊಟ್ಟರು. ಹೋಯ್ ಆ ಭಾಷೆಯಲ್ಲಿ ಹೆಚ್ಚುಕಡಿಮೆ 90 ವರ್ಷ ಬದುಕಿಯಾಗಿತ್ತು.

ಮರುವರ್ಷ, 1961ರ ಅಕ್ಟೋಬರ್ 7ರಂದು, ಸಿನ್ಸಿನಾಟಿಯ ಕ್ರಾಸ್ಲಿ ಫೀಲ್ಡ್‌ನಲ್ಲಿ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯ. ಮೊದಲ ಚೆಂಡು ಎಸೆಯುವ ಗೌರವ 99 ವರ್ಷದ ಹೋಯ್‌ಗೆ. ಎಸೆದರು. ಇಡೀ ಸ್ಟೇಡಿಯಂ ಚಪ್ಪಾಳೆ ಹೊಡೆಯಿತು. ಅದು ಅವರಿಗೆ ಕೇಳಿಸಲಿಲ್ಲ, ಕಾಣಿಸಿರಬೇಕು. ಅದೇ ಡಿಸೆಂಬರ್ 15ರಂದು ತೀರಿಕೊಂಡರು. ವಾಷಿಂಗ್‌ಟನ್‌ನ ಗ್ಯಾಲೊಡೆಟ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ಮೈದಾನಕ್ಕೆ ಅವರ ಹೆಸರಿದೆ. ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಮಾತ್ರ ಅವರನ್ನು ಇನ್ನೂ ಸೇರಿಸಿಲ್ಲ. ಮಕ್ಕಳು ಪತ್ರ ಬರೆದದ್ದು ಅದಕ್ಕೇ.

ನಮ್ಮ ಶಾಲೆಗಳಲ್ಲಿ ಯಾಕೆ ಬೇಡ?

2011ರ ಜನಗಣತಿ ಪ್ರಕಾರ ದೇಶದಲ್ಲಿ ಶ್ರವಣ ದೋಷ ಇರುವವರು ಸುಮಾರು 50 ಲಕ್ಷ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಭಾರತೀಯ ಸನ್ನೆ ಭಾಷೆಯನ್ನು ದೇಶಕ್ಕೆಲ್ಲ ಒಂದೇ ರೂಪಕ್ಕೆ ತರುವ ಮಾತಾಡಿದೆ. ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಅದನ್ನು ಪ್ರೌಢಶಾಲಾ ಹಂತದಲ್ಲಿ ಒಂದು ವಿಷಯವಾಗಿಯೂ ಇಟ್ಟಿದೆ. ಒಳ್ಳೆಯದೇ. ಆದರೆ ಹೈಸ್ಕೂಲಿನ ಹೊತ್ತಿಗೆ ಯಾರನ್ನು ಬೌಂಡರಿಗೆ ಕಳಿಸಬೇಕು ಎಂಬುದು ಮಕ್ಕಳ ತಲೆಯಲ್ಲಿ ತೀರ್ಮಾನ ಆಗಿಬಿಟ್ಟಿರುತ್ತದೆ. ಭಾಷೆ ಹತ್ತುವುದೂ, ಸ್ನೇಹ ಹತ್ತುವುದೂ ಒಂದನೇ ಎರಡನೇ ಕ್ಲಾಸಿನಲ್ಲಿ.

ಈಗಾಗಲೇ ಮಕ್ಕಳ ಬ್ಯಾಗು ಭಾರ, ಇನ್ನೊಂದು ಭಾಷೆ ಯಾಕೆ ಎಂದು ಕೇಳಬಹುದು. ನಾನೂ ಕೇಳುತ್ತಿದ್ದೆ. ಮೊನ್ನೆ ಗೆಳೆಯನ ಮನೆಗೆ ಹೋದಾಗ ಮೂರನೇ ಕ್ಲಾಸಿನ ಅವನ ಮಗಳು ಬೇಸಿಗೆ ಶಿಬಿರದಲ್ಲಿ ಕಲಿತ ಸನ್ನೆಗಳನ್ನು ತೋರಿಸಿದಳು. ಕಿವುಡರ ಚಪ್ಪಾಳೆ ಹೇಗೆ ಗೊತ್ತಾ ಅಂಕಲ್ ಎಂದು, ಎರಡೂ ಕೈ ಮೇಲೆತ್ತಿ ಬೆರಳು ಬಿಡಿಸಿ ಅಂಗೈಗಳನ್ನು ಆಡಿಸಿದಳು. ಅಮೆರಿಕದವರು ಒಂದೇ ಕೈಯಲ್ಲಿ ಎ, ಬಿ, ಸಿ ಹೇಳುತ್ತಾರೆ, ನಾವು ಎರಡು ಕೈಯಲ್ಲಿ ಹೇಳುತ್ತೇವೆ ಎಂದೂ ತಿದ್ದಿದಳು. ಆ ಶಿಬಿರಕ್ಕೆ ಅವಳು ಯಾವ ಪುಸ್ತಕವನ್ನೂ ಹೊತ್ತುಕೊಂಡು ಹೋಗಿರಲಿಲ್ಲ. ವಾರಕ್ಕೆ ಒಂದು ಪಿರಿಯಡ್, ಕಲಿಸಲು ಕಿವುಡ ಶಿಕ್ಷಕರೊಬ್ಬರು, ಆಟದ ಮೈದಾನದಲ್ಲಿ ಅಭ್ಯಾಸ. ಇಷ್ಟು ಸಾಕು. ಎಷ್ಟೋ ಕಿವುಡ ಪದವೀಧರರಿಗೆ ಕೆಲಸವೂ ಸಿಗುತ್ತದೆ.

ವಾಪಸ್ ಬರುವಾಗ ಅವಳನ್ನು ಒಂದು ಪ್ರಶ್ನೆ ಕೇಳಿದೆ. ಕ್ರಿಕೆಟ್ ಆಡುವಾಗ, ಕಿವಿ ಕೇಳದ ಹುಡುಗ ಓಡಿ ಬರುತ್ತಿದ್ದರೆ ಬೇಡ ಅಂತ ಹೇಗೆ ಹೇಳ್ತೀಯಾ?

ಅವಳು ನನ್ನನ್ನೇ ಪೆದ್ದ ಎಂಬಂತೆ ನೋಡಿ, ಅಂಗೈ ಎತ್ತಿ ತೋರಿಸಿದಳು.